ಮೂರು ಮೋಟಾರುಗಳಿಗೆ ನಾನು ಕೊಟ್ಟ ಕಾಗದ

ಗೋಕಾಕದ ನಮ್ಮ ಮನೆಯ ಹಿಂದಿನ ಕೋಣೆಗೆ ಬರುವವರೆಲ್ಲ ಚಪ್ಪಲಿ ಹೊರಗೆ ಬಿಟ್ಟು ಬರಬೇಕು ಎಂದು ನಿಯಮ ಮಾಡಿದವಳು ನಾನೇ. ಬಾಗಿಲಿಗೆ ಕಾಗದ ಬೇರೆ ಅಂಟಿಸಿದ್ದೆ. ಕಂಪ್ಯೂಟರ್ ಇರುವ ಕೋಣೆ, ದೂಳು ಬರಬಾರದು ಎಂದು ಎಲ್ಲರಿಗೂ ಹೇಳುತ್ತಿದ್ದೆ. ಖರೆ ಕಾರಣ ಬೇರೆ ಇತ್ತು. ಮೀಸೆ ತಿರುವುತ್ತ ಬಂದ ಗಂಡಸರು ಹೊಸ್ತಿಲ ಹತ್ತಿರ ಬಗ್ಗಿ ಚಪ್ಪಲಿ ಕಳಚುವುದನ್ನು ನೋಡಿದರೆ ನನಗೆ ಒಳಗೊಳಗೇ ತಂಪಾಗುತ್ತಿತ್ತು. ನಾನು ಮಾತ್ರ ದಪ್ಪ ರಬ್ಬರ್ ಚಪ್ಪಲಿ ಮೆಟ್ಟಿಕೊಂಡೇ ಕೂಡುತ್ತಿದ್ದೆ. ನನ್ನ ಕೋಣೆ, ಯಾರು ಕೇಳುವವರು?

ಬೆಳಗಾವಿಯ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದವಳು ನಾನು. ಅಲ್ಲಿ ಅಳತೆಯ ಕೆಲಸಕ್ಕೆ ದೊಡ್ಡ ಪೆಟ್ಟಿಗೆಗಳಿದ್ದವು. ಪೆಟ್ಟಿಗೆಯೊಳಗೆ ಸಾಲಾಗಿ ಕಾರ್ಡುಗಳು ಕೂತಿರುತ್ತಿದ್ದವು. ಒಂದು ಕಾರ್ಡು ಕರೆಂಟಿನ ಅಲೆಯನ್ನು ಗೆರೆಯಾಗಿ ಬಿಡಿಸಿ ತೋರಿಸುತ್ತದೆ, ಇನ್ನೊಂದು ವೋಲ್ಟು, ಓಮು ಅಳೆಯುತ್ತದೆ. ಬೇಕಾದ ಕಾರ್ಡು ಹಾಕು, ಬೇಡಾದದ್ದು ತೆಗೆ. ಆ ವಿಭಾಗ ಮುಚ್ಚಿದಾಗ ಪೆಟ್ಟಿಗೆಗಳನ್ನು ಯಾರೋ ಲಾರಿಯಲ್ಲಿ ಹೇರಿಕೊಂಡು ಹೋದರು. ಹಳೆಯದೆಂದು ಮೂಲೆಗೆ ಬಿಸಾಕಿದ್ದ ಎರಡು ಕಾರ್ಡು ನನ್ನ ಪಾಲಿಗೆ ಬಂದವು. ಪೆಟ್ಟಿಗೆ ಕೊಳ್ಳುವ ತಾಕತ್ತು ನನಗೆಲ್ಲಿಂದ ಬರಬೇಕು? ನಮ್ಮ ಓಣಿಯಲ್ಲಿ ಬಾಗಿಲು ಹಾಕಿದ ಝೆರಾಕ್ಸ್ ಅಂಗಡಿಯ ಸಾದಾ ಕಂಪ್ಯೂಟರ್ ತಂದೆ. ಕಾರ್ಡನ್ನು ಅದರ ಒಡಲಿಗೆ ಕೂಡಿಸುವ ನಡುವಿನ ಪಟ್ಟಿಯೊಂದನ್ನು ತರಿಸಿದೆ. ಕಾರ್ಡುಗಳು ಉದ್ದ, ಡಬ್ಬಿ ಗಿಡ್ಡ. ಬದಿಯ ಮುಚ್ಚಳ ಕಿತ್ತು ಹಾಕಿ, ಕಾರ್ಡು ಕಾಯಬಾರದೆಂದು ಪಕ್ಕಕ್ಕೆ ಟೇಬಲ್ ಫ್ಯಾನ್ ಇಟ್ಟೆ. ನೋಡಲಿಕ್ಕೆ ಹೊಟ್ಟೆ ಕೊಯ್ದು ಮಲಗಿಸಿದ ಹಾಗಿತ್ತು, ಆದರೆ ಕೆಲಸ ಮಾಡಿತು. ಪರದೆಯ ಮೇಲೆ ಮೊದಲ ಸಲ ಹಸಿರು ಗೆರೆ ಓಡಿದ ದಿನ ನಾನು ಒಬ್ಬಳೇ ಕೂತು ಅತ್ತೆ. ಅದನ್ನು ಹೇಳಿಕೊಳ್ಳಲಿಕ್ಕೆ ನನಗೇನೂ ನಾಚಿಕೆಯಿಲ್ಲ.

ನಾಚಿಕೆಯ ವಿಷಯ ಮುಂದಿದೆ.

ಮನೆಯ ಮುಂಭಾಗದಲ್ಲಿ ನನ್ನ ಗಂಡನ ಅಣ್ಣನ ಹಿಟ್ಟಿನ ಗಿರಣಿ. ನನ್ನ ಭಾವ. ಹಿಂದಿನ ಕೋಣೆಯಲ್ಲಿ ತನ್ನ ಜೋಳದ ಚೀಲ ಒಟ್ಟಬೇಕು ಎಂದು ಆತನ ಆಸೆ. ಅದು ನನ್ನ ಪಾಲಿಗೆ ಬಂದದ್ದು ಆತನಿಗೆ ಗಂಟಲಲ್ಲಿ ಸಿಕ್ಕ ಮುಳ್ಳು. ಒಂದು ದಿನ ಗಿರಣಿಗೆ ಬಂದ ಹೆಂಗಸರ ಎದುರು, "ನಮ್ಮ ಮನಿ ಸೊಸಿ ಡಬ್ಬಿ ಹರದು ಅದರಾಗ ಬೆಳಕ ಹುಡುಕಾಕತ್ಯಾಳ" ಎಂದು ನಗೆಯಾಡಿದ. ಅಂದಿನಿಂದ ನಾನು ಆತನ ಜೊತೆ ಮಾತು ಬಿಟ್ಟೆ. ಎಂಟು ತಿಂಗಳಾಗಿತ್ತು. ಊಟಕ್ಕೆ ಬಡಿಸುವಾಗಲೂ ಪಾತ್ರೆಯನ್ನು ನೆಲಕ್ಕೆ ಕುಕ್ಕಿ ಬರುತ್ತಿದ್ದೆ. ಸಿಟ್ಟು ಇಟ್ಟುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ಆ ಓಣಿಯಲ್ಲಿ ಇಲ್ಲ.

ಕೊಣ್ಣೂರಿನ ಮಿಸ್ತ್ರಿ ಚಾಚಾನ ಮೇಲೂ ನನಗೆ ಸಿಟ್ಟಿತ್ತು. ಮೋಟಾರಿಗೆ ತಂತಿ ಸುತ್ತುವುದರಲ್ಲಿ ಆತ ಈ ಸೀಮೆಗೇ ಹೆಸರಾದವನು. ಹೊಳೆಯ ದಂಡೆಯ ಪಂಪುಗಳಲ್ಲಿ ಆತನ ಕೈ ಹತ್ತದೇ ಇದ್ದದ್ದು ಕಡಿಮೆ. ಬೆಳಗಾವಿ ಬಿಟ್ಟು ಬಂದ ಹೊಸದರಲ್ಲಿ ನಾನು ಆತನ ಅಂಗಡಿಗೆ ಹೋಗಿ, ನೀವು ಸುತ್ತಿದ ಮೋಟಾರುಗಳನ್ನು ನನ್ನ ಕಡೆ ಪರೀಕ್ಷೆಗೆ ಕಳಿಸಿರಿ ಎಂದು ಕೇಳಿದ್ದೆ. ಆತ ತಂತಿಯಿಂದ ಕಣ್ಣು ತೆಗೆಯದೆ, "ಸುತ್ತಿದಾಂವಗ ಗೊತ್ತಿರ್ತೈತಿ ತಂಗಿ, ಕಂಪ್ಯೂಟರ್ ಯಾಕ ಬೇಕು?" ಎಂದ. ಕೂತಿದ್ದ ನಾಲ್ಕು ಜನ ನಕ್ಕರು. ಆತ ನಗಲಿಲ್ಲ. ನನಗೆ ಮಾತ್ರ ಐವರೂ ನಕ್ಕ ಹಾಗೆ ನೆನಪಿನಲ್ಲಿ ಉಳಿಯಿತು.

ಹೋದ ಬೇಸಿಗೆಯಲ್ಲಿ ಮೂಡಲಗಿ ಕಡೆಯ ಒಂದು ನೀರಾವರಿ ಸಂಘದ ಕಾರ್ಯದರ್ಶಿ ನನ್ನನ್ನು ಹುಡುಕಿಕೊಂಡು ಬಂದರು. ಸಂಘದ ಮೂರು ದೊಡ್ಡ ಮೋಟಾರು ಸುಟ್ಟಿದ್ದವು, ಚಾಚಾ ಹೊಸದಾಗಿ ಸುತ್ತಿ ಕೊಟ್ಟಿದ್ದ. ಸಂಘದ ಹೊಸ ಹುಡುಗರು ಈ ಸಲ ಕಂಪ್ಯೂಟರ್ ಪರೀಕ್ಷೆ ಆಗಲೇಬೇಕು ಎಂದು ಪಟ್ಟು ಹಿಡಿದಿದ್ದರು. ಹುಕ್ಕೇರಿಯಲ್ಲಿ ಯಂತ್ರದಿಂದ ಸುತ್ತುವ ಹೊಸ ಅಂಗಡಿಯವನೊಬ್ಬ ಅವರ ಬೆನ್ನು ಹತ್ತಿದ್ದ.

"ಪಾಸ್ ಆದ್ರ ನಮ್ಮ ಕೆಲಸಾ ಚಾಚಾನ ಕಡೆನ ಇರತೈತ್ರಿ," ಎಂದರು ಕಾರ್ಯದರ್ಶಿ. "ಫೇಲ್ ಆದ್ರ ಮೂರೂ ಮೋಟಾರ ಹುಕ್ಕೇರಿಗಿ ಹೋಗ್ತಾವು. ಮುಂದಿಂದೂ ಅಲ್ಲೆ."

ಸಂಘದ ಕೆಲಸ ಹೋದರೆ ಸುತ್ತಲಿನ ರೈತರ ಕೆಲಸವೂ ಹಿಂದೆಯೇ ಹೋಗುತ್ತದೆ. ಅರವತ್ತು ದಾಟಿದ ಮನುಷ್ಯ, ಬೇರೆ ಕಸುಬು ಬಾರದು. ಅಂಗಡಿ ಉಳಿಯಬೇಕೋ ಮುಚ್ಚಬೇಕೋ ಎಂಬುದು ನನ್ನ ಕಾಗದದ ಮೇಲೆ ನಿಂತಿತು. ಇದು ನನಗೆ ಆಗಲೇ ಚೆನ್ನಾಗಿ ತಿಳಿದಿತ್ತು. ತಿಳಿದಿರಲಿಲ್ಲ ಎಂದು ಈಗ ಹೇಳಿದರೆ ಅದು ಸುಳ್ಳು.

ಮೋಟಾರುಗಳು ಟೆಂಪೋದಲ್ಲಿ ಮಧ್ಯಾಹ್ನ ಬಂದವು, ಜೊತೆಗೆ ಚಾಚಾ, ಕಾರ್ಯದರ್ಶಿ. ಹಿತ್ತಲ ಮಣ್ಣಿನ ಮೇಲೆ ಸಾಲಾಗಿ ಇಳಿಸಿದರು. ಕಿಟಕಿಯಿಂದ ತಂತಿ ಹೊರಗೆ ಬಿಟ್ಟೆ. ಮುಂದುಗಡೆ ಗಿರಣಿಯಲ್ಲಿ ಖಾರ ಕುಟ್ಟುವ ಮಷೀನು ಬಡಿದುಕೊಳ್ಳುತ್ತಿತ್ತು. ವರ್ಷದ ಖಾರಪುಡಿ ಮಾಡಿಸುವ ದಿನಗಳು, ಹೆಂಗಸರು ಮೆಣಸಿನಕಾಯಿ ಬುಟ್ಟಿ ಹಿಡಿದು ಬೀದಿಯವರೆಗೆ ಪಾಳಿ ಹಚ್ಚಿದ್ದರು. ಘಾಟಿಗೆ ಕಾರ್ಯದರ್ಶಿ ಸೀನಿ ಸೀನಿ ಹಣ್ಣಾದರು. ಬಿಸಿಲ ಝಳಕ್ಕೆ ನಾನು ಕೋಣೆಯ ನೆಲಕ್ಕೆ ನೀರು ಚಿಮುಕಿಸಿದ್ದೆ. ಇಬ್ಬರೂ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಾರ್ಯದರ್ಶಿ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಹಿಡಿದು, ಕಾಲು ಮೇಲಕ್ಕೆ ಮಡಚಿ ಕೂತರು. ಚಾಚಾ ನಿಂತೇ ಇದ್ದ.

ಸುತ್ತಿದ ತಂತಿಯಿಂದ ಮೋಟಾರಿನ ಮೈಗೆ ಕರೆಂಟು ಸೋರುತ್ತದೆಯೋ ಇಲ್ಲವೋ ನೋಡುವುದೇ ಮುಖ್ಯ ಪರೀಕ್ಷೆ. ಸೋರದಿದ್ದರೆ ಪರದೆಯ ಗೆರೆ ನೆಟ್ಟಗೆ ಮಲಗಿರಬೇಕು. ಮೊದಲ ಮೋಟಾರಿಗೆ ತಂತಿ ಹಚ್ಚಿದೆ, ಗೆರೆ ಎದ್ದು ಬಿದ್ದು ಅಲೆಯಾಯಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೂ.

ಅಳೆಯುವ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ, ಆಮೇಲೆ ಒಂದನ್ನು ಬರೀ ನೆಲಕ್ಕೆ ಹಚ್ಚಿ, ಏನೂ ಅಳೆಯದಿರುವಾಗ ಗೆರೆ ನೆಟ್ಟಗಿದೆಯೋ ಇಲ್ಲವೋ ನೋಡಿಕೊಳ್ಳುವುದು ಈ ಕೆಲಸದ ಅ ಆ ಇ ಈ. ನಾನು ನೋಡಿದ್ದೆ, ಬೆಳಗ್ಗೆ ಏಳು ಗಂಟೆಗೆ, ಗಿರಣಿ ತೆರೆಯುವ ಮೊದಲು. ಮಧ್ಯಾಹ್ನ ಮತ್ತೆ ನೋಡಲಿಲ್ಲ. ಮೂರು ವಸ್ತುವಿಗೂ ಒಂದೇ ಬಗೆಯ ತಪ್ಪು ಕಂಡರೆ ಮೊದಲು ಅಳೆಯುವ ಸಾಧನವನ್ನು ಸಂಶಯಿಸು ಎಂದು ಕಾರ್ಖಾನೆಯಲ್ಲಿ ಮೊದಲ ವಾರವೇ ತಲೆಗೆ ಹೊಡೆದು ಕಲಿಸಿದ್ದರು. ನನ್ನ ತಲೆಯಲ್ಲಿ ಆಗ ಓಡಿದ್ದು ಒಂದೇ ಮಾತು: ಮೂರನ್ನೂ ಸುತ್ತಿದವನು ಒಬ್ಬನೇ. ಸಿಕ್ಕ.

"ಸೋರಾಕತ್ತಾವ್ರಿ. ಮೂರೂ," ಎಂದೆ.

ಚಾಚಾ ಹಿತ್ತಲಿಗೆ ಹೋಗಿ, ಚೀಲದಿಂದ ಸೋರಿಕೆ ಅಳೆಯುವ ತನ್ನ ಕೈತಿರುವಿನ ಮೆಗ್ಗರ್ ತೆಗೆದು, ಮೂರು ಮೋಟಾರಿಗೂ ಹಚ್ಚಿ ತಿರುವಿದ. ಮುಳ್ಳು ಮೂರು ಸಲವೂ ಒಳ್ಳೆಯದರ ಕಡೆಗೇ ಹೋಯಿತು. ಕಾರ್ಯದರ್ಶಿ ನನ್ನ ಮುಖ ನೋಡಿದರು.

"ಅದು ನಿಂತ ನೀರ ನೋಡತೈತ್ರಿ, ನಂದು ಹರಿಯೂ ನೀರ ನೋಡತೈತಿ," ಎಂದೆ. ಕೇಳಲಿಕ್ಕೆ ಚೆಂದದ ಮಾತು. ಅರ್ಧ ಖರೆಯೂ ಹೌದು, ಮೆಗ್ಗರ್ ಅಲೆಯ ಕರೆಂಟು ನೋಡುವುದಿಲ್ಲ. ಅದಕ್ಕೇ ಕಾರ್ಯದರ್ಶಿ ತಲೆಯಾಡಿಸಿದರು.

ಚಾಚಾ ಒಳಗೆ ಬಂದ. ಪರದೆ ನೋಡಲು ಬಗ್ಗಿದವನು ಆಸರೆಗೆಂದು ಕಂಪ್ಯೂಟರಿನ ತಗಡಿನ ಮೇಲೆ ಕೈ ಊರಿದ, ತಕ್ಷಣ ಎಳೆದುಕೊಂಡ. ಮತ್ತೆ ಬೆರಳ ಹಿಂಬದಿ ತಾಗಿಸಿ ನೋಡಿದ.

"ಡಬ್ಬಿ ಜುಂ ಅಂತೈತಿ ತಂಗಿ."

"ಎಲ್ಲಾ ಕಂಪ್ಯೂಟರೂ ಅಷ್ಟರಿ. ಹೊಸಬರಿಗೆ ಹಂಗ ಅನಸ್ತೈತಿ."

"ಇದು ಅಷ್ಟಿಷ್ಟಲ್ಲ. ಮುಂದ ಖಾರದ ಮಷೀನ್ ನಡದೈತಲ್ಲ, ಅದನ್ನ ಒಂದೀಟ ಬಂದ್ ಮಾಡಿಸಿ ನೋಡು."

ನಾನು ಕುರ್ಚಿಯಲ್ಲಿ ಕೂತೇ ಇದ್ದೆ, ಕಾಲಲ್ಲಿ ರಬ್ಬರ್ ಚಪ್ಪಲಿ. ತಗಡನ್ನು ಮುಟ್ಟಿ ನೋಡಿದೆ, ನನಗೆ ಏನೂ ಆಗಲಿಲ್ಲ. ಆಗದಿರುವುದು ಯಾಕೆ ಎಂದು ಯೋಚಿಸಲಿಲ್ಲ. ಮಷೀನು ಬಂದ್ ಮಾಡಿಸಬೇಕಾದರೆ ಪಾಳಿಯಲ್ಲಿ ನಿಂತ ಅಷ್ಟು ಹೆಂಗಸರ ಮುಂದೆ ಭಾವನ ಎದುರು ನಿಂತು ಬಾಯಿಬಿಟ್ಟು ಕೇಳಬೇಕಿತ್ತು. ಎಂಟು ತಿಂಗಳ ಮೇಲೆ ಮೊದಲ ಮಾತು ನನ್ನದಾಗಬೇಕಿತ್ತು. ಚಾಚಾನ ಅಂಗಡಿಗಾಗಿ ನಾನು ಅಷ್ಟು ತಗ್ಗಬೇಕೇ? ಸತ್ತರೂ ಸರಿ, ಅದು ಆಗದ ಮಾತು ಅನ್ನಿಸಿತು.

"ಸುತ್ತೂದ್ರಾಗ ತಪ್ಪಾದ್ರ ಖಾರದ ಮಷೀನ್ ಏನ ಮಾಡತೈತ್ರಿ?" ಎಂದೆ.

ಈ ಸಲ ನಕ್ಕವರು ಕಾರ್ಯದರ್ಶಿ. ಪ್ರಿಂಟ್ ತೆಗೆದು, ಕೆಳಗೆ ಸಹಿ ಹಾಕಿ, ಠಸ್ಸೆ ಒತ್ತಿ ಕೊಟ್ಟೆ. ಚಾಚಾ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಬಂದ್ ಮಾಡಿಸಿ ನೋಡಬೇಕಿತ್ತು" ಎಂದಷ್ಟೇ ಹೇಳಿದ. ಅವತ್ತು ಸಂಜೆ ನಾನು ಶಿರಾ ಮಾಡಿ ತಿಂದೆ.

ಮಾರನೆಯ ದಿನವೇ ಕಾರ್ಯದರ್ಶಿ ಆ ಕಾಗದದ ಫೋಟೋ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಅದು ನಾಗನೂರಿಗೆ ಹೋಯಿತು, ಅಂಕಲಗಿಗೆ ಹೋಯಿತು. ಅಲೆಯ ಗೆರೆ ಏನೆಂದು ತಿಳಿಯದವರೂ ಅದನ್ನು ಮುಂದಕ್ಕೆ ಕಳಿಸಿದರು. ಮೋಟಾರುಗಳು ಹುಕ್ಕೇರಿಗೆ ಹೋದವು. ಇನ್ನೆರಡು ಸಂಘದವರು ನನಗೆ ಫೋನ್ ಮಾಡಿ, ನಮ್ಮವನ್ನೂ ನೋಡಿ ಕೊಡ್ರಿ ಎಂದರು. ಚಾಚಾನ ಅಂಗಡಿಯಿಂದ ಇಬ್ಬರು ರೈತರು ಅರ್ಧ ಸುತ್ತಿದ ಮೋಟಾರುಗಳನ್ನು ಹಾಗೆಯೇ ಹೊತ್ತುಕೊಂಡು ಹೋದರಂತೆ. ಇದನ್ನು ನನಗೆ ಯಾರೋ ಸಂತೆಯಲ್ಲಿ ಹೇಳಿದರು. ನಾನು ಬದನೆಕಾಯಿ ಆರಿಸುತ್ತ ಕೇಳಿದೆ. ಅಯ್ಯೋ ಅನ್ನಿಸಲಿಲ್ಲ.

ಮುಂದಿನ ಸೋಮವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ನನ್ನ ರಬ್ಬರ್ ಚಪ್ಪಲಿಯ ಉಂಗುಟದ ಪಟ್ಟಿ ಕಿತ್ತುಬಂತು. ಕೋಣೆಯ ನೆಲ ಎಂದಿನಂತೆ ಒದ್ದೆ. ಬರಿಗಾಲು ಊರಿ, ಫ್ಯಾನ್ ಸರಿಸಲೆಂದು ತಗಡಿಗೆ ಕೈ ತಾಗಿಸಿದೆ. ಮೊಣಕೈವರೆಗೆ ಜುಂ ಎಂದು ಏರಿತು.

ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿದೆ. ನೆಟ್ಟಗಿತ್ತು. ಒಂದು ಮೊನೆಯನ್ನು ಕಿಟಕಿಯಿಂದ ಹೊರಗೆ ಒಯ್ದು, ಹಿತ್ತಲಲ್ಲಿ ಮಣ್ಣಿಗೆ ಹುಗಿದ ಕಬ್ಬಿಣದ ಸಲಾಕೆಗೆ ಹಚ್ಚಿದೆ. ಮೋಟಾರೂ ಇಲ್ಲ, ತಂತಿ ಸುತ್ತಿದ್ದೂ ಇಲ್ಲ, ಬರೀ ನೆಲ. ಪರದೆಯಲ್ಲಿ ಅದೇ ಅಲೆ, ಅಷ್ಟೇ ಎತ್ತರ. ಹಾಗೇ ನೋಡುತ್ತ ಕೂತೆ. ಮುಂದೆ ಒಬ್ಬಳ ಖಾರ ಮುಗಿದು ಮಷೀನು ನಿಂತಿತು. ಗೆರೆ ಮಲಗಿತು. ಇನ್ನೊಬ್ಬಳ ಬುಟ್ಟಿ ಸುರಿದರು, ಮಷೀನು ಹೊರಟಿತು. ಗೆರೆ ಎದ್ದಿತು.

ಗಿರಣಿಗೆ ಹೋಗಿ ತಂತಿ ಹಿಡಿದು ಹುಡುಕಿದೆ. ಖಾರದ ಮಷೀನಿನಿಂದ ಕರೆಂಟು ಹಿಂದಕ್ಕೆ ಹೋಗಬೇಕಾದ ತಂತಿ ಸುಟ್ಟು ಜೋತಾಡುತ್ತಿತ್ತು. ಅದರ ಬದಲು ಭಾವ ಮನೆಯ ಅರ್ಥಿಂಗ್ ತಂತಿಗೆ ಗಂಟು ಹಾಕಿಬಿಟ್ಟಿದ್ದ. ನಮ್ಮ ಕಡೆ ಇದು ಹೊಸದಲ್ಲ. ಲೈನ್‌ಮನ್ ದಾರಿ ಕಾಯುವ ಬದಲು ನೆಲಕ್ಕೇ ಕರೆಂಟು ಬಿಟ್ಟು ಕೆಲಸ ಸಾಗಿಸುತ್ತಾರೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ಬಿಟ್ಟ ಕರೆಂಟನ್ನು ನೆಲ ಕುಡಿಯುವುದಿಲ್ಲ, ಅದೇ ತಂತಿ ಹಿಡಿದು ನನ್ನ ಕಂಪ್ಯೂಟರಿನ ಮೈಗೆ, ಕಾರ್ಡುಗಳಿಗೆ ಬರುತ್ತದೆ. ಕಾರ್ಖಾನೆಯ ಪೆಟ್ಟಿಗೆಯಾಗಲಿ ಸಾದಾ ಡಬ್ಬಿಯಾಗಲಿ, ಯಾವ ಕಾರ್ಡಾದರೂ ಅದನ್ನೇ ತೋರಿಸುತ್ತಿತ್ತು. ಕಾರ್ಡು ಸುಳ್ಳು ಹೇಳಿರಲಿಲ್ಲ. ನಮ್ಮ ಮನೆಯ ಸೋರಿಕೆಯನ್ನು ಅದು ಸರಿಯಾಗಿ ತೋರಿಸಿತ್ತು, ನಾನು ಅದನ್ನು ಚಾಚಾನ ಹೆಸರಿಗೆ ಬರೆದಿದ್ದೆ.

"ಎಷ್ಟ ದಿನಾ ಆತು ಇದನ್ನ ಹಚ್ಚಿ?" ಎಂದು ಭಾವನನ್ನು ಕೇಳಿದೆ. ಎಂಟು ತಿಂಗಳ ಮೇಲೆ ಮೊದಲ ಮಾತು ನನ್ನದೇ ಆಯಿತು, ಅದೂ ಪಾಳಿಯ ಮುಂದೆ.

"ಹದಿನೈದಿಪ್ಪತ್ತ ದಿನಾ. ಯಾರಿಗೇನ ಆಗೇತಿ ಈಗ?"

"ಮನುಷ್ಯಾರು ಸಾಯತಾರ ಇದರಿಂದ."

"ಸತ್ತಾರೇನು? ನಿನ್ನ ಡಬ್ಬಿಗಿ ನೆಗಡಿ ಬಂದ್ರ ನಾ ಗಿರಣಿ ಮುಚ್ಚಲೇನು?"

ನಾನು ಮೇನ್ ಸ್ವಿಚ್ಚು ಆರಿಸಿ, ಗಂಟು ಬಿಚ್ಚಿ ತಂತಿ ಕಿತ್ತು ಬಿಸಾಡಿದೆ. ಆತ ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ನಾನು ಕೊಟ್ಟದ್ದೂ ಬರೆಯುವಂಥದ್ದಲ್ಲ. ಬೈಯುವಾಗ ನನಗೆ ಒಂದು ಬಗೆಯ ಸುಖವಿತ್ತು, ಯಾಕೆಂದರೆ ಅಷ್ಟು ಹೊತ್ತು ತಪ್ಪು ಆತನದಾಗಿತ್ತು.

ಕೋಣೆಗೆ ಬಂದು ಕಾರ್ಯದರ್ಶಿಗೆ ಫೋನ್ ಹಚ್ಚಿದೆ. ಮೋಟಾರು ಎಲ್ಲಿಗೆ ಬಂದವು ಎಂದು ಕೇಳಿದೆ.

"ಒಂದರ ತಂತಿ ಕತ್ತರಿಸಿ ತಗದಾರ್ರಿ," ಎಂದರು. "ಎರಡು ಇನ್ನೂ ಹಂಗ ಅದಾವು. ಯಾಕ್ರಿ?"

ಆ ಯಾಕ್ರಿಗೆ ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಒಂದೇ ವಾಕ್ಯ ಸಾಕಿತ್ತು. "ಸುಮ್ಮ ಕೇಳಿದ್ನಿರಿ," ಎಂದು ಇಟ್ಟುಬಿಟ್ಟೆ.

ಮಂಗಳವಾರ ನನಗೆ ನಾನೇ ವಕೀಲಿ ಮಾಡಿಕೊಂಡೆ. ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಬೇಕು, ಅರ್ಧಮರ್ಧ ತಿಳಿದು ಬಾಯಿ ಬಿಡಬಾರದು ಎಂದೆ. ಖಾತ್ರಿ ಸೋಮವಾರವೇ ಆಗಿತ್ತು. ಅವತ್ತೇ ಇನ್ನೊಂದು ಸಂಘದವರ ಫೋನು ಬಂತು, ಶುಕ್ರವಾರ ಮೋಟಾರು ತರುತ್ತೇವೆ ಎಂದರು. ತರ್ರಿ ಎಂದೆ. ಬುಧವಾರ ಗಂಡನಿಗೆ ಹೇಳಿದೆ. ಆತ ಮೆತ್ತಗಿನ ಮನುಷ್ಯ. "ಹೇಳಿದ್ರ ನಿನ್ನ ಕಡೆ ಯಾರ್ ಬರತಾರ?" ಎಂದ. ನನ್ನ ಮನಸ್ಸಿನಲ್ಲಿದ್ದ ಮಾತನ್ನೇ ಆತ ಆಡಿದ್ದ, ಆದರೂ ತಾಟು ತಳ್ಳಿ ಎದ್ದು ಆತನ ಮೇಲೆ ಹರಿಹಾಯ್ದೆ. ಹೇಳಬೇಕು ಎಂದು ಯಾರಾದರೂ ಕತ್ತು ಹಿಡಿದು ನೂಕಲಿ ಎಂದು ಕಾಯುತ್ತಿದ್ದೆನೇನೋ. ಯಾರೂ ನೂಕಲಿಲ್ಲ.

ಗುರುವಾರ ಕಾರ್ಯದರ್ಶಿಗೆ ಫೋನ್ ಮಾಡಿ, ನನ್ನ ಪರೀಕ್ಷೆ ತಪ್ಪಿತ್ತು, ಕೆಲಸ ನಿಲ್ಲಿಸಿರಿ ಎಂದೆ. ಅವರು ಅದನ್ನೇ ಎರಡು ಸಲ ಹೇಳಿಸಿದರು. ಆಮೇಲೆ, "ನಾ ಹುಕ್ಕೇರಿಯಾಗ ಅದೇನಿ. ಬಂದು ಎಲ್ಲಾರ ಮುಂದ ಹೇಳ್ರಿ" ಎಂದರು.

ದಾರಿಯಲ್ಲಿ ಕೊಣ್ಣೂರಿಗೆ ಇಳಿದೆ. ಚಾಚಾನ ಅಂಗಡಿಯ ಬಾಗಿಲು ತೆರೆದಿತ್ತು, ಒಳಗೆ ಕೆಲಸ ಇರಲಿಲ್ಲ. ಆತ ತಂತಿಯ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರೆ ಬೇರೆ ಮಾಡುತ್ತ ಕೂತಿದ್ದ. ನಾನು ನಿಂತೇ ಹೇಳಿದೆ: ಖಾರದ ಮಷೀನು, ಅರ್ಥಿಂಗ್, ಭಾವ. ಭಾವ ಎಂಬ ಶಬ್ದವನ್ನು ಬೇಕಾದದ್ದಕ್ಕಿಂತ ಹೆಚ್ಚು ಸಲ ಬಳಸಿದೆ. ಆತ ಕೇಳಿಸಿಕೊಂಡು, ಟೊಪ್ಪಿಗೆ ಹಾಕಿಕೊಂಡು, ಅಂಗಡಿಗೆ ಬೀಗ ಜಡಿದ. ಹುಕ್ಕೇರಿವರೆಗೆ ಬಸ್ಸಿನಲ್ಲಿ ಆತ ಮುಂದಿನ ಸೀಟಿನಲ್ಲಿ ಕೂತ, ನಾನು ಹಿಂದೆ. ಘಟಪ್ರಭಾ ನಿಲ್ದಾಣದಲ್ಲಿ ಆತನ ಪಕ್ಕದ ಸೀಟು ಖಾಲಿಯಾಯಿತು. ಆತ ತಿರುಗಿ ನೋಡಲಿಲ್ಲ, ನಾನೂ ಹೋಗಲಿಲ್ಲ.

ಹುಕ್ಕೇರಿಯ ಅಂಗಡಿಯ ಅಂಗಳದಲ್ಲಿ ಎರಡು ಮೋಟಾರು ಹೊಟ್ಟೆ ಬರಿದಾಗಿ ಬಿದ್ದಿದ್ದವು. ಪಕ್ಕದಲ್ಲಿ ಗೋಣಿತಟ್ಟಿನ ಮೇಲೆ ಕತ್ತರಿಸಿ ತೆಗೆದ ತಾಮ್ರದ ಸುರುಳಿಗಳ ಗುಡ್ಡೆ. ಮೂರನೆಯದು ಇನ್ನೂ ಇಡಿಯಾಗಿ ಗೋಡೆಗೆ ಒರಗಿತ್ತು. ಚಾಚಾ ಕುಕ್ಕುರುಗಾಲಲ್ಲಿ ಕೂತು ಒಂದು ಸುರುಳಿ ಎತ್ತಿಕೊಂಡ, ಬೆರಳಿಂದ ಸವರಿದ, ಮೂಸಿ ನೋಡಿದ. ವಾರ್ನಿಷ್ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು, ಸುಟ್ಟ ಕಲೆ ಎಲ್ಲೂ ಇರಲಿಲ್ಲ. ಹುಕ್ಕೇರಿಯವನು ಬೇರೆ ಕಡೆ ನೋಡಿದ. ಕತ್ತರಿಸುವಾಗ ಆತನಿಗೂ ಗೊತ್ತಾಗಿರಬೇಕು. ಕಾಗದ ಇತ್ತಲ್ಲ, ಆತನಿಗೇನು?

ಕಾರ್ಯದರ್ಶಿ ಮತ್ತು ಸಂಘದ ಮೂವರು ಹುಡುಗರು ಸುತ್ತ ನಿಂತರು. ನಾನು ಹೇಳಿದೆ. ಈ ಸಲ ಭಾವನ ಹೆಸರು ಎತ್ತಲಿಲ್ಲ. ಅರ್ಥಿಂಗ್‌ನಲ್ಲಿ ಕರೆಂಟಿತ್ತು, ಚಾಚಾ ಅದೇ ದಿನ ಅದನ್ನು ಹೇಳಿದ್ದ, ನಾನು ಕೇಳಲಿಲ್ಲ ಎಂದೆ. ಹುಡುಗರಲ್ಲಿ ಒಬ್ಬ ಫೋನ್ ತೆಗೆದು, ಗುಂಪಿನಲ್ಲಿದ್ದ ನನ್ನ ಕಾಗದದ ಫೋಟೋವನ್ನು ಹುಡುಕಿ, ಅದನ್ನೂ ನನ್ನನ್ನೂ ನೋಡಿದ.

"ಉಳಿದ ಒಂದನ್ನ ಚಾಚಾ ಒಯ್ದು ಪಂಪಿಗಿ ಕೂಡಸ್ಲಿ," ಎಂದರು ಕಾರ್ಯದರ್ಶಿ. "ಇವೆರಡು ಇನ್ನ ಇಲ್ಲೇ ಆಗಬೇಕು. ಬಿಚ್ಚಿ ಆಗೇತಿ."

ಚಾಚಾ ಸುರುಳಿಯನ್ನು ಗುಡ್ಡೆಯ ಮೇಲೆ ವಾಪಸು ಇಟ್ಟು ಎದ್ದ. ಮೊದಲ ಸಲ ನನ್ನ ಮುಖ ನೋಡಿದ.

"ನಿಮಗ ಯಾವತ್ತ ತಿಳೀತು?"

ಸುಳ್ಳು ಹೇಳಬಹುದಿತ್ತು. ಇವತ್ತು ಮುಂಜಾನೆ ಎಂದರೆ ಅಲ್ಲಿದ್ದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರ್ಯದರ್ಶಿಗೆ ಮಾತ್ರ ನನ್ನ ಫೋನ್ ನೆನಪಿತ್ತು, ಅವರ ಹುಬ್ಬು ಆಗಲೇ ಗಂಟಿಕ್ಕಿತ್ತು.

"ಸೋಮವಾರ," ಎಂದೆ.

ಬರಿದಾಗಿ ಬಿದ್ದಿದ್ದ ಎರಡರಲ್ಲಿ ಒಂದರ ಅಂಚಿಗೆ ಹುಕ್ಕೇರಿಯವನು ಸೀಮೆಸುಣ್ಣದಲ್ಲಿ ಬರೆದಿದ್ದ ತಾರೀಖಿನ ಮೇಲೆ ಆತ ಕೈ ಇಟ್ಟ.

"ಇದನ್ನ ನಿನ್ನಿ ಕತ್ತರಿಸ್ಯಾರ," ಎಂದ.

ಮೂರನೆಯ ಮೋಟಾರನ್ನು ಟೆಂಪೋಗೆ ಏರಿಸಲು ಹುಡುಗರು ಬಂದರು. ಒಂದು ಕಡೆ ಕೈ ಸಾಲಲಿಲ್ಲ, ನಾನು ಸೆರಗು ಸಿಕ್ಕಿಸಿಕೊಂಡು ಹಿಡಿಯಲು ಬಗ್ಗಿದೆ. ಚಾಚಾ ನನ್ನ ಕೈಯ ಮುಂದೆ ತನ್ನ ಕೈ ಅಡ್ಡ ತಂದ.

"ನೀವು ಮುಟ್ಟಬ್ಯಾಡ್ರಿ," ಎಂದ.